ಹಸಿರು ಟಿಕ್ ಹಾಕಿಸ್ಕೊಂಡು ಬರ್ರಿ

ಏಪ್ರಿಲ್, ಮೇ ತಿಂಗಳ ಬಿಸಿಲಿಗೆ ಕಲಬುರಗಿಯ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ಬಾಗಿಲು ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಆ ಐದೂವರೆ ತಾಸಿನೊಳಗೆ ಪ್ರಜೆಯೊಬ್ಬ ಹಸಿರು ಟಿಕ್ ಸಂಪಾದಿಸಬೇಕು. ಜಾತಿ ಪ್ರಮಾಣಪತ್ರವೋ, ಆದಾಯದ್ದೋ, ಡಿಜಿಟಲ್ ಸಹಿಯ ಮೇಲೆ ಹಳದಿ ಪ್ರಶ್ನಾರ್ಥಕ ಚಿಹ್ನೆ ಕಂಡರೆ ಹಾಳೆ ಬಂದ ಹಾದಿಯಲ್ಲೇ ವಾಪಸು. "ಇದು ನಡೆಯಂಗಿಲ್ರಿ. ಹೊರಗ ಹೋಗಿ ಹಸಿರು ರೈಟ್ ಮಾರ್ಕ್ ಹಾಕಿಸ್ಕೊಂಡು ಬರ್ರಿ."

ಹಾಕಿಸಿಕೊಂಡು ಬರುವುದು, ಗಾಡಿಗೆ ಗಾಳಿ ಹಾಕಿಸಿದ ಹಾಗೆ. ಎದುರಿನ ಜೆರಾಕ್ಸ್ ಅಂಗಡಿಯವರು ಹಾಕಿಯೂ ಕೊಡುತ್ತಾರೆ. ಕಪ್ಪು-ಬಿಳುಪು ಪ್ರಿಂಟಿನಲ್ಲಿ ಹಸಿರು ಬೂದಿಯಾಗುತ್ತದೆ. ಹಸಿರು ಹಸಿರಾಗಿಯೇ ಇರಬೇಕೆಂದರೆ ಕಲರ್ ಪ್ರಿಂಟು, ಅದಕ್ಕೆ ಬೇರೆ ರೇಟು.

ಪ್ರಶ್ನಾರ್ಥಕ ಚಿಹ್ನೆ ಪಾಪ ಯಾರನ್ನೂ ಕಳ್ಳ ಎಂದಿಲ್ಲ. "ಸಹಿ ಮಾಡಿದವರ ಪರಿಚಯ ನನಗಿಲ್ಲ" ಎಂದಷ್ಟೇ ಪಿಡಿಎಫ್ ರೀಡರ್ ಹೇಳುತ್ತಿದೆ. ನಮ್ಮ ಅಧಿಕಾರಿಗಳ ಡಿಜಿಟಲ್ ಸಹಿಯ ಬೇರು ಇರುವುದು ಸಿಸಿಎ ಇಂಡಿಯಾದ, ಅಂದರೆ ಡಿಜಿಟಲ್ ಸಹಿ ಕೊಡುವ ಸಂಸ್ಥೆಗಳಿಗೆ ಪರವಾನಗಿ ನೀಡುವ ಕೇಂದ್ರ ಸರ್ಕಾರದ ಕಚೇರಿಯ, ರೂಟ್ ಸರ್ಟಿಫಿಕೇಟ್ ಎಂಬ ಮೂಲ ಗುರುತಿನಲ್ಲಿ. ಆ ಬೇರು ಕಂಪ್ಯೂಟರಿನ ನಂಬಿಕೆಯ ಪಟ್ಟಿಯಲ್ಲಿಲ್ಲದಿದ್ದರೆ ಹಳದಿ, ಇದ್ದರೆ ಹಸಿರು. ಅಂದರೆ ಪರಿಚಯ ಮಾಡಿಸಬೇಕಾದ್ದು ಗುಮಾಸ್ತರ ಕಂಪ್ಯೂಟರಿಗೆ, ಅದೂ ಒಂದೇ ಸಲ. ಅಂಗಡಿಯ ಕಂಪ್ಯೂಟರ್ ಯಾರನ್ನು ನಂಬುತ್ತದೆ ಎಂಬುದನ್ನು ಕಲರ್ ಪ್ರಿಂಟ್ ತೆಗೆದು ಫೈಲಿಗೆ ಲಗತ್ತಿಸುವುದು, ಪಕ್ಕದ ಮನೆಯವರಿಗೆ ಜ್ವರ ಇಲ್ಲವೆಂದು ನಮ್ಮ ರಜೆ ಚೀಟಿಗೆ ಬರೆಸಿಕೊಂಡಂತೆ.

ಇನ್ನು ಹಾಕುವ ವಿಧಾನ. ಅಂಗಡಿಯ ಹುಡುಗ ಅಡೋಬಿ ರೀಡರಿನಲ್ಲಿ ಸಹಿಯ ಮೇಲೆ ರೈಟ್ ಕ್ಲಿಕ್ ಮಾಡಿ ಸಿಗ್ನೇಚರ್ ಪ್ರಾಪರ್ಟೀಸ್, ಅಲ್ಲಿಂದ ಸೈನರ್ಸ್ ಸರ್ಟಿಫಿಕೇಟ್, ಅದರ ಟ್ರಸ್ಟ್ ಟ್ಯಾಬ್, ಕೊನೆಗೆ 'ಆ್ಯಡ್ ಟು ಟ್ರಸ್ಟೆಡ್ ಸರ್ಟಿಫಿಕೇಟ್ಸ್' ಒತ್ತುತ್ತಾನೆ. ಚೌಕಗಳ ಒಂದು ಸಾಲು ತೆರೆಯುತ್ತದೆ. ಶರಣಬಸಪ್ಪನ ಗುಡಿಗೂ ಬಂದೇ ನವಾಜರ ದರ್ಗಾಕ್ಕೂ ಕೈ ಮುಗಿಯುವ ಊರಿದು. ಯಾವ ಚೌಕಕ್ಕೂ ಬೇಸರವಾಗಬಾರದೆಂದು ಎಲ್ಲಕ್ಕೂ ಟಿಕ್. ಸಹಿ ಹಸಿರಾಗಲು ಮೇಲಿನ ಚೌಕಗಳು ಸಾಕು. ಕೆಳಗಿರುವ ಡೈನಾಮಿಕ್ ಕಂಟೆಂಟ್, ಹೆಚ್ಚಿನ ಅಧಿಕಾರದ ಜಾವಾಸ್ಕ್ರಿಪ್ಟ್, ಪ್ರಿವಿಲೆಜ್ಡ್ ಸಿಸ್ಟಂ ಆಪರೇಷನ್ಸ್ ಈ ಮೂರಕ್ಕೂ ಸಹಿಯ ಬಣ್ಣಕ್ಕೂ ಸಂಬಂಧವೇ ಇಲ್ಲ. ಅವಕ್ಕೆ ಟಿಕ್ ಹಾಕಿದರೆ, ಆ ಸರ್ಟಿಫಿಕೇಟಿನಿಂದ ಸರ್ಟಿಫೈ ಆದ ಪಿಡಿಎಫ್ ಸ್ಕ್ರಿಪ್ಟ್ ಓಡಿಸಲಿ, ನೆಟ್‌ವರ್ಕು ಫೈಲು ಮುಟ್ಟಲಿ, ನಮ್ಮ ತಕರಾರಿಲ್ಲ ಎಂದು ಮುಂಗಡವಾಗಿ ಬರೆದುಕೊಟ್ಟಂತೆ.

ಇದಕ್ಕಿಂತ ಚೆಂದದ ಸಂಗತಿ ಇನ್ನೊಂದಿದೆ. ತನಗೆ ತಾನೇ ಸಹಿ ಹಾಕಿಕೊಂಡ ಡಿಜಿಟಲ್ ಐಡಿಯನ್ನು ರೀಡರಿನಲ್ಲೇ ಎರಡು ನಿಮಿಷದಲ್ಲಿ ಮಾಡಬಹುದು. ಹೆಸರಿನ ಜಾಗದಲ್ಲಿ 'ತಹಸೀಲ್ದಾರ್' ಎಂದು ಯಾರು ಬೇಕಾದರೂ ಬರೆಯಬಹುದು. ಅದೂ ಮೊದಲು ಪ್ರಶ್ನಾರ್ಥಕವೇ. ಅಂಗಡಿಯಲ್ಲಿ ಅದೇ ಮಂತ್ರ ಹಾಕಿದರೆ ಅದೂ ಹಸಿರೇ. ಆ ಟಿಕ್ ಕೊಟ್ಟವರು ತಹಸೀಲ್ದಾರರಲ್ಲ, ಜೆರಾಕ್ಸ್ ಹುಡುಗ. ನಿಜವಾದ ತಹಸೀಲ್ದಾರರಿಗೆ ವರ್ಗವಾದರೆ ಹೊಸಬರ ಸಹಿಗೆ ಮತ್ತೆ ಹಳದಿ, ಅಂಗಡಿಗೆ ಮತ್ತೆ ಗಿರಾಕಿ. ಬೇರನ್ನು ಬಿಟ್ಟು ಎಲೆ ಎಲೆಗೂ ನೀರು ಹಾಕಿದರೆ ಇನ್ನೇನಾಗುತ್ತದೆ!

ಬೀದರ ಕೋಟೆಗೆ ಬಂಡೆ ಕಡಿದು ಮೂರು ಸುತ್ತಿನ ಕಂದಕ ತೋಡಿದ್ದಾರಲ್ಲ, ಅಂಥದ್ದೊಂದನ್ನು ಅಡೋಬಿಯವರು 2010ರಲ್ಲಿ ರೀಡರ್ ಟೆನ್ ಜೊತೆ ತಂದರು: ಪ್ರೊಟೆಕ್ಟೆಡ್ ಮೋಡ್. ಪಿಡಿಎಫ್‌ನಲ್ಲಿ ಕಿಡಿಗೇಡಿ ಕೋಡ್ ಇದ್ದರೂ ಅದು ಒಂದು ಕೋಣೆಯಲ್ಲೇ ಕೂತಿರಬೇಕು, ಉಳಿದ ಕಂಪ್ಯೂಟರಿಗೆ ಕೈ ಹಾಕಬಾರದು. 2013ರಲ್ಲಿ ಅದನ್ನೂ ಹಾರಿದ ದಾಳಿ ಬಂತು, ತೇಪೆಯೂ ಬಂತು. ಆದರೆ ನಮ್ಮಲ್ಲಿ ಕಂದಕ ಹಾರುವ ಕಷ್ಟವನ್ನು ವೈರಿಗೆ ಕೊಡುವುದಿಲ್ಲ. ಹಳೆ ಪ್ರಿಂಟರ್ ಮುನಿಸಿಕೊಂಡಿತೆಂದು ಪ್ರಿಫರೆನ್ಸಸ್‌ನ ಸೆಕ್ಯುರಿಟಿ ಎನ್‌ಹ್ಯಾನ್ಸ್ಡ್ ಪುಟಕ್ಕೆ ಹೋಗಿ ಪ್ರೊಟೆಕ್ಟೆಡ್ ಮೋಡ್ ಆಫ್. ಅಪ್‌ಡೇಟ್ ಬಂದರೆ 'ಆಮೇಲೆ ನೋಡೋಣು'. 2017ರ ಅಕ್ಟೋಬರಿನಲ್ಲೇ ಬೆಂಬಲ ನಿಂತುಹೋದ ರೀಡರ್ ಇಲೆವೆನ್ ಬಗ್ಗೆ "ಇದು ಭಾಳ ಹಗುರ ಅದ ಅಣ್ಣಾ, ಲಗೂನ ತೆರೀತದ" ಎಂಬ ಹೊಗಳಿಕೆ.

ಹಳೆಯದಾದರೇನು, ಸಹಿ ಸಹಿಯೇ ಅಲ್ಲವೇ? ಅಲ್ಲ. 2019ರಲ್ಲಿ ಜರ್ಮನಿಯ ಬೋಖುಂ ವಿಶ್ವವಿದ್ಯಾಲಯದ ಸಂಶೋಧಕರು ಸಹಿಯಾದ ಪಿಡಿಎಫ್‌ನ ಒಳಗಿನದನ್ನು ಬದಲಿಸಿ, 22 ಡೆಸ್ಕ್‌ಟಾಪ್ ರೀಡರ್‌ಗಳಿಗೆ ತೋರಿಸಿದರು. 21 ಮೋಸಹೋದವು. ಕಂಪನಿಗಳು ತೇಪೆ ಹಾಕಿದವು. ತೇಪೆ ತಲುಪಬೇಕಾದ್ದು ಮಾತ್ರ 'ಆಮೇಲೆ ನೋಡೋಣು' ಎಂದ ಕಂಪ್ಯೂಟರಿಗೆ.

ಹಾಳೆಯ ಒಳಗಿನ ಟಿಕ್ ಅನ್ನಂತೂ ಚಿತ್ರ ಬಿಡಿಸುವ ಯಾವ ಸಾಫ್ಟ್‌ವೇರಿನಿಂದಲೂ ಅಂಟಿಸಬಹುದು. ರೀಡರಿನ ಮಾತು ಕಾಣುವುದು ಹಾಳೆಯ ಹೊರಗೆ, ಮೇಲಿನ ಪಟ್ಟಿಯಲ್ಲಿ ಮತ್ತು ಪಕ್ಕದ ಸಿಗ್ನೇಚರ್ ಪ್ಯಾನೆಲಿನಲ್ಲಿ. ಅದನ್ನು ನೋಡಲು ಪಿಡಿಎಫ್ ಫೈಲೇ ಬೇಕು, ಅದು ಅರ್ಜಿ ತಂದವರ ಫೋನಿನಲ್ಲಿದೆ. "ಸಾಹೇಬ್ರ, ಫೈಲ್ ಮೇಲ್ ಮಾಡ್ಲೇನ್ರಿ?" ಎಂದು ಯಾರಾದರೂ ಕೇಳಿದರೆ ಉತ್ತರ ಸಿದ್ಧ: "ಮೇಲ್‌ನ್ಯಾಗ ವೈರಸ್ ಬರ್ತಾವ್ರಿ. ಸೆಕ್ಯುರಿಟಿ ನೋಡ್ಬೇಕಾಗ್ತದ."

ಕೊನೆಗೆ ಕಲರ್ ಪ್ರಿಂಟ್ ಬರುತ್ತದೆ. ಗುಮಾಸ್ತರು ಟಿಕ್ ನೋಡಿ ತಲೆಯಾಡಿಸಿ, ಗಡಿಯಾರ ನೋಡಿ, 'ಪರಿಶೀಲಿಸಲಾಗಿದೆ' ಎಂಬ ಸೀಲು ತೆಗೆದು ಧಪ್ಪನೆ ಒತ್ತುತ್ತಾರೆ. ನೇರಳೆ ಮಸಿ ಸರಿಯಾಗಿ ಹಸಿರು ಟಿಕ್ಕಿನ ಮೇಲೆಯೇ ಬೀಳುತ್ತದೆ.