"ಬಿಟ್ಟು ಬಂದ್ಬಿಡು" ಅಂದವಳು ನಾನೇ

ಗೆಳತಿಯನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ.

ಗಂಡ ಹೊಡೆಯುತ್ತಾನೆ ಅಂತ ಅವಳು ಮೊದಲ ಸಲ ಬಾಯಿಬಿಟ್ಟಾಗ ನಾನು ಕೇಳಿದ್ದು ಒಂದೇ: "ಇನ್ನೂ ಯಾಕೆ ಅಲ್ಲಿದ್ದೀಯಾ? ಬಿಟ್ಟು ಬಂದ್ಬಿಡು." ಧೈರ್ಯ ತುಂಬಿದೆ ಅಂದುಕೊಂಡೆ. ಆಮೇಲೆ ಏಳು ತಿಂಗಳು ಅವಳ ಫೋನಿಲ್ಲ.

ಮನೆಯೊಳಗೆ ಒಬ್ಬ ಹೀಗೇ ಮಾಡು ಅಂತ ಅಪ್ಪಣೆ ಕೊಡುತ್ತಿದ್ದ. ಹೊರಗೆ ನಾನೂ ಕೊಟ್ಟೆ. ಅವಳಿಗೆ ಎರಡೂ ಒಂದೇ ಥರ ಕೇಳಿಸಿದ್ದರೆ ತಪ್ಪೇನು?

ಬಿಟ್ಟು ಬರುವ ಹೊತ್ತೇ ಜಾಸ್ತಿ ಅಪಾಯದ್ದು ಅಂತ ನನಗೆ ಆಗ ಗೊತ್ತಿರಲಿಲ್ಲ. ಹಿಡಿತ ತಪ್ಪುತ್ತಿದೆ ಅನಿಸಿದಾಗಲೇ ಅಂಥವರು ಕೈಮೀರಿ ಹೋಗುವುದು. ಅದಕ್ಕೇ ಹೊರಡುವ ದಿನವನ್ನು ಅವಳೇ ಆರಿಸಬೇಕು. ಅವನ ಮುಂದಿನ ಹೆಜ್ಜೆ ಏನಿರಬಹುದು ಅಂತ ಅವಳಷ್ಟು ತಿಳಿದವರು ಯಾರೂ ಇಲ್ಲ. ನಾನು ಹೋಗಿ ಅವನ ಹತ್ತಿರ ಜಗಳ ಮಾಡಿದ್ದರೆ? ಅದರ ಏಟು ರಾತ್ರಿ ಅವಳಿಗೇ ಬೀಳುತ್ತಿತ್ತು.

ಎರಡನೇ ಸಲ ಸಿಕ್ಕಾಗ ಅವಳ ದನಿ ಒಡೆದಿತ್ತು. ಉಗುಳು ನುಂಗಲೂ ಕಷ್ಟ. ಕತ್ತು ಹಿಸುಕಿದ್ದ. "ಗಾಯ ಏನೂ ಆಗಿಲ್ಲ ಕಣೇ" ಅಂದಳು. ಎಷ್ಟೋ ಸಲ ಹೊರಗೆ ಗುರುತೇ ಇರುವುದಿಲ್ಲ, ಒಳಗೆ ಪೆಟ್ಟಾಗಿರುತ್ತದೆ. ಅದೇ ದಿನ ಡಾಕ್ಟರಿಗೆ ತೋರಿಸಬೇಕು. ಅಮೆರಿಕದಲ್ಲಿ 2008ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಸಂಗಾತಿ ಒಮ್ಮೆ ಕತ್ತು ಹಿಸುಕಿದ್ದರೆ ಮುಂದೆ ಅವನಿಂದಲೇ ಕೊಲೆಯಾಗುವ ಸಾಧ್ಯತೆ ಸುಮಾರು 7 ಪಟ್ಟು ಹೆಚ್ಚು. "ಸಿಟ್ಟಿನಲ್ಲಿ ಆಗಿಹೋಯ್ತು" ಅಂತ ಸುಮ್ನೆ ಬಿಡುವ ವಿಷಯ ಅಲ್ಲ ಇದು.

ಇನ್ನು, "ಹೊಡೆದಿಲ್ವಲ್ಲ" ಅನ್ನುವವರಿಗೆ ಒಂದು ಮಾತು. ದುಡ್ಡು ಕೊಡದೆ, ಫೋನ್ ತಪಾಸಣೆ ಮಾಡಿ, ತವರಿನವರ ಜೊತೆ ಮಾತಾಡಲು ಬಿಡದೆ ಕಟ್ಟಿಹಾಕುವುದೂ ಹಿಂಸೆಯೇ. ಇಂಗ್ಲೆಂಡಿನಲ್ಲಿ 2015ರ ಕಾನೂನು ಇದನ್ನು ಅಪರಾಧ ಅಂತಲೇ ಮಾಡಿತು.

ಆ ಸಲ ನಾನು ಬುದ್ಧಿ ಹೇಳಲಿಲ್ಲ. "ನಿನ್ನ ಮಾತು ನಂಬ್ತೀನಿ. ಇದರಲ್ಲಿ ನಿನ್ನ ತಪ್ಪಿಲ್ಲ. ನನ್ನಿಂದ ಏನಾಗಬೇಕು?" ಅಂದೆ. ಅವಳು ಕೇಳಿದ್ದು ಸಣ್ಣ ಸಣ್ಣ ಕೆಲಸ. ದಾಖಲೆಗಳ ಪ್ರತಿ ಇಟ್ಟುಕೊಳ್ಳುವುದು. ಗಾಯದ ಫೋಟೋಗಳನ್ನು ತಾರೀಖು ಬರೆದು ಜೋಪಾನ ಮಾಡುವುದು. ಅವನ ಕಣ್ಣಿಗೆ ಬಿದ್ದರೂ ಅನುಮಾನ ಬಾರದ ಒಂದು ಮೆಸೇಜು, ಅದು ಬಂದರೆ ನಾನು ಪೊಲೀಸರಿಗೆ ಫೋನ್ ಮಾಡುವುದು. (ಆ ಸಾಲು ಯಾವುದು ಅಂತ ಕೇಳಬೇಡಿ.) ನಾನಾಗಿ ಅವಳಿಗೆ ಈ ವಿಷಯ ಏನೂ ಬರೆಯುತ್ತಿರಲಿಲ್ಲ, ಫೋನ್ ಯಾರ ಕೈಯಲ್ಲಿದೆಯೋ ಏನೋ.

ಒಮ್ಮೆ ಹೊರಟು ವಾಪಸ್ ಹೋದಳು. ನನಗೆ ಸಿಟ್ಟು ಬಂತು, ಸುಳ್ಳು ಹೇಳಲ್ಲ. ಆದರೂ ಬಾಯಿ ಮುಚ್ಚಿಕೊಂಡಿದ್ದೆ. ಅಷ್ಟಾದರೂ ಕಲಿತಿದ್ದೆ.

ಈಗ ಅವಳು ಬೇರೆ ಕಡೆ ಇದ್ದಾಳೆ. ಎಲ್ಲಿ ಅಂತ ಈವರೆಗೆ ಮೂರು ಜನ ಕೇಳಿದರು, ಎಲ್ಲರೂ ಒಳ್ಳೆಯವರೇ. "ಗೊತ್ತಿಲ್ಲ" ಅಂದೆ.