ಕಡಿದು ಕಟ್ಟೆ ಹಾಕಿದ್ದೇನು, ಐದು ಸಾಲಲ್ಲಿ ಬರೆಯಿರಿ

ಆಫೀಸಿನಲ್ಲಿ ಒಳ್ಳೆಯ ನಾಯಕ ಹೇಗಿರಬೇಕು ಅಂತ ಇನ್ನು ಯಾರೂ ತಲೆ ಕೆಡಿಸಿಕೊಳ್ಳಬೇಕಿಲ್ಲ. ಟ್ರಂಪ್ ಸರ್ಕಾರದಲ್ಲಿ ಖರ್ಚು ಕಡಿತದ ಉಸ್ತುವಾರಿ ಹೊತ್ತಿದ್ದ ಎಲಾನ್ ಮಸ್ಕ್ ಸಾಹೇಬರು 2025ರ ಫೆಬ್ರವರಿಯಲ್ಲೇ ತೋರಿಸಿಕೊಟ್ಟಿದ್ದಾರೆ. ಅದೇ, ಆ ಶನಿವಾರದ ಈಮೇಲ್. ಅಮೆರಿಕದ ಕೇಂದ್ರ ಸರ್ಕಾರಿ ನೌಕರರೆಲ್ಲ ಹಿಂದಿನ ವಾರ ಏನೇನು ಮಾಡಿದರು ಅಂತ ಐದು ಸಾಲು ಬರೆಯಬೇಕು, ಸೋಮವಾರ ರಾತ್ರಿ 11.59ರೊಳಗೆ ಕಳಿಸಬೇಕು. ಕಳಿಸದಿದ್ದರೆ ರಾಜೀನಾಮೆ ಕೊಟ್ಟ ಹಾಗೆ. ಈ ಕೊನೆಯ ಮಾತು ಮೇಲ್‌ನಲ್ಲಿ ಇರಲೇ ಇಲ್ಲ, ಸಾಹೇಬರು ಎಕ್ಸ್‌ನಲ್ಲಿ ಬರೆದಿದ್ದು. ಕೆಲಸ ಉಳಿಯುತ್ತೋ ಹೋಗುತ್ತೋ ತಿಳಿಯೋಕೂ ಬಾಸ್‌ನ ಫಾಲೋ ಮಾಡುತ್ತಿರಬೇಕು.

20 ಲಕ್ಷಕ್ಕೂ ಜಾಸ್ತಿ ನೌಕರರು. ಒಬ್ಬರ ಮುಖ ನೋಡದೆ, ಒಬ್ಬರ ಹೆಸರು ಕೇಳದೆ, ಎಲ್ಲರ ಯೋಗಕ್ಷೇಮ ಒಂದೇ ಏಟಿಗೆ ವಿಚಾರಿಸೋದು ಅಂದ್ರೆ ಸುಮ್ನೆನಾ?

ಈ ಐದು ಸಾಲು ಬರೆಯೋದೂ ಒಂದು ವಿದ್ಯೆ. ವಾರವಿಡೀ ಒಂದೇ ತಾಪತ್ರಯದ ಹಿಂದೆ ಬಿದ್ದು ಅದನ್ನು ಬಗೆಹರಿಸಿದವರು ಪಾಪ, 'ಕೆಟ್ಟಿತ್ತು, ಸರಿ ಮಾಡಿದೆ' ಅಂತ ಬರೆದು ಮುಂದೆ ತೋಚದೆ ಕೂರುತ್ತಾರೆ. ಏನೂ ಮಾಡದವರಿಗೆ ಐದು ಸಾಲು ಸಾಲೋದೇ ಇಲ್ಲ. ಸಮನ್ವಯ ಸಾಧಿಸಿದೆ. ಫಾಲೋಅಪ್ ಮಾಡಿದೆ. ಫಾಲೋಅಪ್‌ನ ಪ್ರಗತಿ ಪರಿಶೀಲಿಸಿದೆ. ಮುಂದಿನ ಮೀಟಿಂಗ್‌ಗೆ ಪೂರ್ವಭಾವಿ ಮೀಟಿಂಗ್ ಕರೆದೆ. ಇಂಥವರು ಸಾಲು ಬರೆದೇ ಬಡ್ತಿ ಪಡೆಯುತ್ತಾರೆ, ಆಮೇಲೆ ಬೇರೆಯವರ ಹತ್ತಿರ ಸಾಲು ಕೇಳುತ್ತಾರೆ. ಶುಕ್ರವಾರ ಸಂಜೆ, ನೀವು ಬ್ಯಾಗ್ ಹೆಗಲಿಗೇರಿಸುವ ಹೊತ್ತಿಗೆ ಸರಿಯಾಗಿ, 'ಒಂದು ಕ್ವಿಕ್ ಅಪ್‌ಡೇಟ್ ಪ್ಲೀಸ್' ಅಂತ ಬರುತ್ತಲ್ಲ, ಅವರೇ ಇವರು.

ಅತ್ತ ಎಫ್‌ಬಿಐ, ರಕ್ಷಣಾ ಇಲಾಖೆ, ವಿದೇಶಾಂಗ ಇಲಾಖೆಗಳ ಮೇಲಧಿಕಾರಿಗಳು 'ಸದ್ಯಕ್ಕೆ ಉತ್ತರ ಕೊಡಬೇಡಿ' ಅಂದರು. ಕೊಟ್ಟರೆ ಒಬ್ಬ ಬಾಸ್‌ಗೆ ಸಿಟ್ಟು, ಕೊಡದಿದ್ದರೆ ಇನ್ನೊಬ್ಬರಿಗೆ. ಆಮೇಲೆ ಸಾಹೇಬರು ಹೇಳಿದ್ದು, ಇದು ಕೆಲಸದ ಮೌಲ್ಯಮಾಪನ ಅಲ್ಲವಂತೆ, ನಾಡಿ ಮಿಡಿಯುತ್ತಿದೆಯಾ ಅಂತ ನೋಡಿದ್ದಂತೆ. ಬದುಕಿರುವುದಕ್ಕೆ ಐದು ಸಾಲಿನ ಪುರಾವೆ!

ಗೂಗಲ್‌ನವರು ಎಷ್ಟೋ ವರ್ಷದ ಹಿಂದೆ ಮ್ಯಾನೇಜರ್‌ಗಳಿಂದ ನಿಜವಾಗಿ ಏನಾದರೂ ಉಪಯೋಗ ಇದೆಯಾ ಅಂತ ಲೆಕ್ಕ ಹಾಕಲು ಹೊರಟಿದ್ದರು. 'ಪ್ರಾಜೆಕ್ಟ್ ಆಕ್ಸಿಜನ್' ಅಂತ ಹೆಸರು. ಉಪಯೋಗ ಇದೆ ಅಂತಲೇ ಬಂತು. ಒಳ್ಳೆಯ ಮ್ಯಾನೇಜರ್‌ಗಳ ಎಂಟು ಗುಣಗಳ ಪಟ್ಟಿಯಲ್ಲಿ ಕಲಿಸಿ ಬೆಳೆಸುವುದು ಮೊದಲನೆಯದು, ಪ್ರತಿಯೊಂದಕ್ಕೂ ಮೂಗು ತೂರಿಸದಿರುವುದು ಎರಡನೆಯದು. ತಾಂತ್ರಿಕ ಜಾಣ್ಮೆ ಕೊನೆಗೆ. ಪಟ್ಟಿ ಎಲ್ಲ ಕಡೆ ಓಡಾಡಿತು, ಸ್ಲೈಡ್ ಆಯಿತು, ಟ್ರೈನಿಂಗ್ ಆಯಿತು, ಸರ್ಟಿಫಿಕೇಟೂ ಆಯಿತು.

ಅಲ್ಲ ಸ್ವಾಮಿ, ಆ ಮೇಲ್‌ನಲ್ಲೇ 'ನಿಮ್ಮ ಮ್ಯಾನೇಜರ್‌ಗೂ ಸಿಸಿ ಹಾಕಿ' ಅಂತ ಇತ್ತಲ್ಲ? ಅಂದರೆ ಆ ಮ್ಯಾನೇಜರ್ ಅಲ್ಲೇ ಇದ್ದಾರೆ. ಯಾರು ಏನು ಮಾಡುತ್ತಿದ್ದಾರೆ ಅಂತ ತಿಳಿದಿರೋದೇ ಅವರ ಕೆಲಸ. ಅವರನ್ನೇ ಕೇಳಬಹುದಿತ್ತು. ಕೇಳೋದು ಬೇಕಿರಲಿಲ್ಲ, ಹೆದರಿಸೋದು ಬೇಕಿತ್ತು. ದುಡಿಯುವವರು ವಾರದ ರಜೆಯಲ್ಲಿ ಕೂತು ತಾವು ಕಳ್ಳರಲ್ಲ ಅಂತ ಬರೆದುಕೊಡಬೇಕಾ? ಇದಕ್ಕೆ ನಾಯಕತ್ವ ಅನ್ನೋ ಹೆಸರು ಬೇರೆ. ಸಾಕಾಗಿದೆ.

ಅದೇ ವರ್ಷ ಮೇ ಕೊನೆಯಲ್ಲಿ ಮಸ್ಕ್ ಸಾಹೇಬರು ಸರ್ಕಾರದ ಕೆಲಸ ಬಿಟ್ಟು ಹೊರಟರು. ಅಧ್ಯಕ್ಷ ಟ್ರಂಪ್ ಚಿನ್ನದ ಬೀಗದ ಕೈ ಕೊಟ್ಟು ಕಳಿಸಿದರು. ಐದು ಸಾಲಿನ ಪದ್ಧತಿಗೆ ಅಧಿಕೃತವಾಗಿ ಬೀಗ ಬಿದ್ದಿದ್ದು ಆಗಸ್ಟ್‌ನಲ್ಲಿ.