ಸರ್ಕಾರಕ್ಕೊಂದು ಕೈಗಡ

ಜನವರಿ 16 ಬಂತೆಂದರೆ ಸ್ಟಾರ್ಟಪ್ ದಿನಾಚರಣೆ. ಕೆಲಸ ಬೇಡಬೇಡಿ, ಕೆಲಸ ಕೊಡಿ ಎಂಬ ಭಾಷಣ, ಶಾಲು, ಏಲಕ್ಕಿ ಹಾರ. ಹೂಡಿಕೆದಾರರ ಹಂಗಿಲ್ಲದೆ, ಕೂಡಿಟ್ಟ ಕಾಸಿನಲ್ಲೇ ಸಾಫ್ಟ್‌ವೇರ್ ಕಂಪನಿ ಕಟ್ಟಿದವರಿಗೆ ಎರಡು ಚಪ್ಪಾಳೆ ಹೆಚ್ಚು. ಅವರ ಧಾರಾಳತನವನ್ನು ಮಾತ್ರ ವೇದಿಕೆಯಲ್ಲಿ ಯಾರೂ ಹೇಳುವುದಿಲ್ಲ. ಅವರು ಸರ್ಕಾರಕ್ಕೇ ಕೈಗಡ ಕೊಡುವವರು, ಅದೂ ಬಡ್ಡಿಯಿಲ್ಲದೆ.

ಡಿಸೆಂಬರ್ 28ಕ್ಕೆ ದೊಡ್ಡ ಕಂಪನಿಯೊಂದಕ್ಕೆ 10 ಲಕ್ಷದ ಇನ್‌ವಾಯ್ಸ್ ಹೋಯಿತು ಅನ್ನಿ. 18 ಪರ್ಸೆಂಟ್ ಜಿಎಸ್‌ಟಿ ಸೇರಿ 11.80 ಲಕ್ಷ. ತಿಂಗಳ ರಿಟರ್ನ್ ಹಾಕುವವರು ಜನವರಿ 20ರೊಳಗೆ 1.80 ಲಕ್ಷ ಕಟ್ಟಬೇಕು, ತಪ್ಪಿದರೆ ವರ್ಷಕ್ಕೆ 18 ಪರ್ಸೆಂಟ್ ಬಡ್ಡಿ. ಗಿರಾಕಿಯ ದುಡ್ಡು ಬರುವುದು 90 ದಿನಕ್ಕೆ, ಅದೂ ಅವರ ಅಕೌಂಟ್ಸ್‌ನವರು ಇನ್‌ವಾಯ್ಸ್ 'ಒಪ್ಪಿಕೊಂಡ' ದಿನದಿಂದ. ಪಿಓ (ಖರೀದಿ ಆದೇಶ) ನಂಬರಿನಲ್ಲಿ ಒಂದು ಸೊನ್ನೆ ಬಿಟ್ಟುಹೋಗಿದ್ದರೆ ಎಣಿಕೆ ಮತ್ತೆ ಒಂದರಿಂದ. ಕೊನೆಗೆ 10 ಲಕ್ಷದ ಮೇಲೆ 10 ಪರ್ಸೆಂಟ್ ಟಿಡಿಎಸ್ (ಗಿರಾಕಿಯೇ ಮುರಿದುಕೊಳ್ಳುವ ಆದಾಯ ತೆರಿಗೆ) ಕಳೆದು ಕೈಗೆ ಸಿಗುವುದು 10.80 ಲಕ್ಷ. ಇತ್ತ ನೀವು ಕಟ್ಟಿದ ಆ 1.80 ಲಕ್ಷವನ್ನು, ನಿಮಗೆ ನಯಾಪೈಸೆ ಕೊಡುವ ಮೊದಲೇ, ಗಿರಾಕಿ ಇನ್‌ಪುಟ್ ಕ್ರೆಡಿಟ್ ಅಂತ ತನ್ನ ತೆರಿಗೆಗೆ ಹೊಂದಿಸಿಕೊಳ್ಳಬಹುದು. 180 ದಿನ ದಾಟಿಯೂ ನಿಮಗೆ ದುಡ್ಡು ಕೊಡದಿದ್ದರೆ ಮಾತ್ರ ಅವರು ಅದನ್ನು ಸರ್ಕಾರಕ್ಕೆ ವಾಪಸ್ ಕಟ್ಟಬೇಕು. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ!

ಜಾಣರು ಮೊದಲು ಪ್ರೊಫಾರ್ಮ, ಅಂದರೆ ತೆರಿಗೆ ಲೆಕ್ಕಕ್ಕೆ ಬಾರದ ಕರಡು ಬಿಲ್ಲು, ಕಳಿಸಿ ನೋಡುತ್ತಾರೆ. 'ಟ್ಯಾಕ್ಸ್ ಇನ್‌ವಾಯ್ಸ್ ಇಲ್ದೆ ನಮ್ ಸಿಸ್ಟಮ್ ತಗೊಳಲ್ಲ ಸಾರ್' ಎಂಬ ಉತ್ತರ ಸಿದ್ಧವಿರುತ್ತದೆ. ಕೆಲಸ ಮುಗಿದ 30 ದಿನದೊಳಗೆ ಇನ್‌ವಾಯ್ಸ್ ಕೊಡಲೇಬೇಕು ಎನ್ನುತ್ತದೆ ಕಾನೂನು. ಅಡ್ವಾನ್ಸ್ ಕೇಳಿ ಪಡೆದರೆ, ಪಡೆದ ತಿಂಗಳೇ ತೆರಿಗೆ. ಬ್ರಿಟನ್ನಿನಲ್ಲಿ ಸಣ್ಣವರು ದುಡ್ಡು ಕೈಸೇರಿದ ಮೇಲೆ ವ್ಯಾಟ್ (ಅಲ್ಲಿನ ಜಿಎಸ್‌ಟಿ) ಕಟ್ಟುವ ಪದ್ಧತಿಯಿದೆ. ಅವರಿಗೇನು ಗೊತ್ತು ತ್ಯಾಗದ ಮಹಿಮೆ.

     

ಸಣ್ಣ ಉದ್ಯಮಕ್ಕೆ ರಕ್ಷಣೆಯೇನೂ ಇಲ್ಲವೆಂದಲ್ಲ. 2006ರ ಕಾಯ್ದೆಯಿದೆ: ಕರಾರು ಏನೇ ಇರಲಿ, 45 ದಿನದೊಳಗೆ ಪಾವತಿ, ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ದೂರಿಗೆ ಪೋರ್ಟಲ್ಲೂ ಇದೆ. ಇರುವ ಒಬ್ಬ ಗಿರಾಕಿಯ ಮೇಲೆ ದೂರು ಕೊಟ್ಟವರಿಗೆ ಎರಡನೇ ಪಿಓ ಕೊಡುವವರು ಯಾರು? ಸಾಕು, ತಮಾಷೆ ಬಿಡಿ. ತೆರಿಗೆಗೆ ಹೋದ ಆ 1.80 ಲಕ್ಷ, ಒಂದನೇ ತಾರೀಖು ನಾಲ್ಕು ಹುಡುಗರಿಗೆ ಸಂಬಳ ಹಾಕಬೇಕಿದ್ದ ದುಡ್ಡು. ಬಾರದ ದುಡ್ಡಿಗೆ ತೆರಿಗೆ ಕಟ್ಟಿ, ಸಂಬಳಕ್ಕೆ ಹೆಂಡತಿಯ ಬಳೆ ಅಡವಿಡುವುದನ್ನು ಸ್ವಾವಲಂಬನೆ ಅಂತ ಕರೆಯಬೇಡಿ.

ಶಾಲು ಮಡಚಿಟ್ಟುಕೊಳ್ಳಿ. 16 ಆಗಿ ನಾಲ್ಕೇ ದಿನಕ್ಕೆ 20. ಅವತ್ತು ಸಂಜೆ ಜಿಎಸ್‌ಟಿ ಪೋರ್ಟಲ್ ತೆರೆದುಕೊಂಡರೆ ನಿಮ್ಮ ಪುಣ್ಯ.